ಸಂಪಾದಕರ ಉತ್ತರ: ‘ಅಡ್ಡಿಯಿಲ್ಲ’ ಎನ್ನಬೇಡಿ

ಮಾನ್ಯರೇ,

ಬದಿಯಡ್ಕದ ಸಮೀಪದಿಂದ ನೀವು ಬರೆದ ಪತ್ರ ತಲುಪಿದೆ. ಅಡಿಕೆ ಮರದಿಂದ ಬಿದ್ದು ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡಿರುವ ನಿಮ್ಮನ್ನು ಮಗಳು ಜರ್ಮನಿಗೆ ಕರೆಯುತ್ತಿದ್ದಾಳೆ. ‘ಈ ಸ್ಥಿತಿಯಲ್ಲಿ ಅಷ್ಟು ದೂರ ಯಾಕೆ’ ಎಂದು ಮನೆಯವರು ಕೇಳುತ್ತಾರೆ. ಹಿಂದೊಮ್ಮೆ ವಿಮಾನದ ಮೆಟ್ಟಿಲ ಬುಡದವರೆಗೆ ನಿಮ್ಮನ್ನು ತಂದ ಸಿಬ್ಬಂದಿ ‘ನಾಲ್ಕು ಮೆಟ್ಟಿಲು ಹತ್ತಬಹುದಲ್ಲ’ ಎಂದದ್ದು, ಕೊನೆಗೆ ಇಬ್ಬರು ನಿಮ್ಮನ್ನು ಎತ್ತಿಕೊಂಡು ಹೋದದ್ದು ಇನ್ನೂ ಮನಸ್ಸನ್ನು ಕೊರೆಯುತ್ತಿದೆ.

ಮನೆಯವರ ಪ್ರಶ್ನೆಗೆ ಹೆಚ್ಚು ಬರೆಯುವುದಿಲ್ಲ. ನಮ್ಮ ಕಾಸರಗೋಡು ಜಿಲ್ಲೆಯ ಮಕ್ಕಳು ತಲೆಮಾರುಗಳಿಂದ ಗಲ್ಫಿಗೆ ಹಾರುತ್ತಿರುವಾಗ ‘ಯಾಕೆ’ ಎಂದು ಕೇಳಿದವರಿಲ್ಲ.

ಮೆಟ್ಟಿಲ ಬುಡದ ಪ್ರಸಂಗಕ್ಕೆ ಟಿಕೆಟಿನಲ್ಲಿ ಬಿದ್ದ ತಪ್ಪು ಸಂಕೇತವೇ ಕಾರಣವಿರಬಹುದು. ಗಾಲಿಕುರ್ಚಿ ಬೇಕೆಂದಷ್ಟೇ ಹೇಳಿದರೆ, ಮೆಟ್ಟಿಲು ಹತ್ತಬಲ್ಲ, ದೂರ ಮಾತ್ರ ನಡೆಯಲಾರದವರ ಸಂಕೇತವಾದ ‘ಡಬ್ಲ್ಯು.ಸಿ.ಎಚ್.ಆರ್.’ ಎಂದು ನಮೂದಿಸುವುದುಂಟು. ಮೆಟ್ಟಿಲು ಹತ್ತಲಾಗದವರಿಗೆ ಕೊನೆಯ ಅಕ್ಷರ ‘ಎಸ್.’, ಆಸನದವರೆಗೂ ಸಾಗಿಸಬೇಕಾದ ನಿಮ್ಮಂಥವರಿಗೆ ‘ಸಿ.’. ಭಾರತದ ನಿಯಮದಂತೆ 48 ಗಂಟೆ ಮೊದಲು ತಿಳಿಸಿದರೆ ಈ ನೆರವು ಉಚಿತ. ಮರಳುವಾಗ, ವಿಮಾನ ಯಾವ ಕಂಪನಿಯದೇ ಆಗಿರಲಿ, ಜರ್ಮನಿಯ ನಿಲ್ದಾಣದಲ್ಲಿ ಅಂಗವಿಕಲ ವಿಮಾನಯಾನಿಗಳ ಹಕ್ಕುಗಳಿಗೆಂದೇ ಇರುವ ಐರೋಪ್ಯ ಒಕ್ಕೂಟದ 2006ರ ನಿಯಮಾವಳಿಯ ರಕ್ಷಣೆ ನಿಮಗಿದೆ. ಕೌಂಟರಿನಲ್ಲಿ ಯಾರಾದರೂ ‘ಸ್ವಲ್ಪ ನಡೆಯಬಹುದೇ’ ಎಂದು ಕೇಳಿದರೆ, ನಮ್ಮ ಊರಿನ ದಾಕ್ಷಿಣ್ಯದಿಂದ ‘ಅಡ್ಡಿಯಿಲ್ಲ’ ಎಂದುಬಿಡಬೇಡಿ. ಆ ಒಂದು ಮಾತಿಗೆ ಸಂಕೇತವೇ ಬದಲಾದೀತು.

ನಿಮ್ಮ ಮಡಚುವ ವಿದ್ಯುತ್ ಕುರ್ಚಿಯ ಲಿಥಿಯಂ ಬ್ಯಾಟರಿಯನ್ನು ಕಳಚಿ ಕ್ಯಾಬಿನ್ನಿನಲ್ಲೇ ಒಯ್ಯಬೇಕು. ಮಿತಿ 300 ವ್ಯಾಟ್-ಅವರ್ (ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ). ನೀವು ಬರೆದಿರುವ 24 ವೋಲ್ಟ್, 12 ಆಂಪಿಯರ್-ಅವರ್‌ಗಳನ್ನು ಗುಣಿಸಿದರೆ 288 ಆಗುತ್ತದೆ. ಮಿತಿಯೊಳಗಿದ್ದರೂ ವಿಮಾನ ಕಂಪನಿಯ ಒಪ್ಪಿಗೆಯನ್ನು ಲಿಖಿತವಾಗಿ ಪಡೆದಿರಿ. ಮಂಗಳೂರಿನಿಂದ ಗಲ್ಫಿನ ಮೂಲಕ ಹೋಗುವುದಾದರೆ, ನಡುವೆ ವಿಮಾನ ಬದಲಿಸುವಲ್ಲಿ ನಿಮ್ಮ ಕುರ್ಚಿ ಕೈಗೆ ಸಿಗುತ್ತದೆಯೇ ಅಥವಾ ನೇರ ಜರ್ಮನಿಯಲ್ಲೇ ಸಿಗುವುದೇ ಎಂಬುದನ್ನೂ ಮೊದಲೇ ಕೇಳಿ. ನಿಲ್ದಾಣದ ಕುರ್ಚಿಯಲ್ಲಿ ತಾಸುಗಟ್ಟಲೆ ಕುಳಿತರೆ, ಸ್ಪರ್ಶವಿಲ್ಲದ ಚರ್ಮದಲ್ಲಿ ಹುಣ್ಣು ಏಳುವುದು ಗೊತ್ತೇ ಆಗುವುದಿಲ್ಲ. ಆದುದರಿಂದ ನಿಮ್ಮ ಕುರ್ಚಿಯ ದಿಂಬನ್ನು ಲಗೇಜಿಗೆ ಹಾಕದೆ ಕೈಯಲ್ಲೇ ಇಟ್ಟುಕೊಳ್ಳಿ.

ಶೌಚದ ವಿಚಾರವನ್ನು ನೀವು ಸಂಕೋಚದಿಂದ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನಗಂತೂ ಅದೇ ಮುಖ್ಯವಾಗಿ ಕಂಡಿತು. ಸಣ್ಣ ವಿಮಾನಗಳ ಶೌಚಾಲಯದಲ್ಲಿ ತಿರುಗಲು ಜಾಗವಿಲ್ಲ. ಇಕ್ಕಟ್ಟಿನ ಓಣಿಯಲ್ಲಿ ಸಾಗುವ ಕಿರುಕುರ್ಚಿ ಇದ್ದರೂ ಸಿಬ್ಬಂದಿಯ ನೆರವು ಬಾಗಿಲವರೆಗೆ ಮಾತ್ರ. ಹಾಗೆಂದು ಹಿಂದಿನ ದಿನದಿಂದಲೇ ನೀರು ಕುಡಿಯುವುದನ್ನು ಬಿಡುವುದು ಅಪಾಯ. ಕ್ಯಾಥೆಟರಿನ (ಮೂತ್ರ ಹೊರತೆಗೆಯುವ ನಳಿಕೆಯ) ವ್ಯವಸ್ಥೆಯನ್ನು ವೈದ್ಯರೊಡನೆ ನಿರ್ಧರಿಸಿ, ಬೇಕಾದುದರ ಎರಡು ಪಟ್ಟು ಸಾಮಗ್ರಿಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ.

ಜರ್ಮನಿಯೂ ಸೇರಿದ ಯುರೋಪಿನ ದೇಶಗಳ ಗುಂಪಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಮೊದಲೇ ಇರುವ ತೊಂದರೆಗಳನ್ನು ಆ ವಿಮೆ ಹೊರಗಿಡುತ್ತದೆಯೇ ಎಂಬ ಸಣ್ಣಕ್ಷರದ ಭಾಗವನ್ನು ಮಗಳಿಂದ ಓದಿಸಿ. ನಮ್ಮ ಅಂಗವೈಕಲ್ಯ ಪ್ರಮಾಣಪತ್ರದಿಂದ ಅಲ್ಲಿ ಬಸ್ಸು, ರೈಲುಗಳಲ್ಲಿ ಉಚಿತ ಪ್ರಯಾಣ ಸಿಗದು. ಅದಕ್ಕೆ ಅಲ್ಲಿಯದೇ ಕಾರ್ಡು ಬೇಕು. ಹಳೆಯ ಪೇಟೆಗಳ ಕಲ್ಲುಹಾಸಿನ ಬೀದಿಗಳಲ್ಲಿ ಸಣ್ಣ ಗಾಲಿಯ ಕುರ್ಚಿ ಕುಲುಕುತ್ತದೆ. ಅಂಥಲ್ಲಿ ಕುರ್ಚಿ ತಳ್ಳಲು ಮಗಳಿಗೆ ಹೇಳಿ, ದಾಕ್ಷಿಣ್ಯ ಬೇಡ.

— ಸಂಪಾದಕ