ಎಲ್ಸಾ ಆಗ್ಬೇಕು ಅಂತಿದಾಳೆ, ಆಗ್ಲಿ ಬಿಡಿ

ಪ್ರಶ್ನೆ: ನಾವು ಜೆಪಿ ನಗರದ ಅಪಾರ್ಟ್‌ಮೆಂಟ್‌ನಲ್ಲಿರೋದು. ಮಗಳಿಗೆ 6 ವರ್ಷ, ಪಾಪ ನನ್ನ ಬಣ್ಣಾನೇ ಬಂದಿದೆ. ಮುಂದಿನ ವಾರ ಪಕ್ಕದ ಬ್ಲಾಕ್‌ನಲ್ಲಿ ಪ್ರಿನ್ಸೆಸ್ ಥೀಮ್ ಬರ್ತ್‌ಡೇ. ಇವಳು ಡಿಸ್ನಿಯ ಫ್ರೋಜನ್ ಸಿನಿಮಾದ ಎಲ್ಸಾ ಆಗ್ತೀನಿ ಅಂದಿದ್ದಕ್ಕೆ ಮಕ್ಕಳು ‘ಎಲ್ಸಾ ವೈಟ್ ಇರ್ಬೇಕು, ನೀನು ಮೊವಾನಾ ಆಗು’ ಅಂದಿದಾರೆ, ಮೊವಾನಾ ಅಂದ್ರೆ ಡಿಸ್ನಿಯವರದೇ ಕಂದು ಬಣ್ಣದ ಹುಡುಗಿ. ಮನೆಗೆ ಬಂದು ಪೌಡರ್ ಡಬ್ಬಿ ಪೂರ್ತಿ ಮೈಗೆ ಬಳ್ಕೊಂಡು ಕೂತಿದ್ಲು. ಯಜಮಾನ್ರು ಈ ಸಿನಿಮಾಗಳನ್ನೇ ಬಂದ್ ಮಾಡು ಅಂತಾರೆ, ಅತ್ತೆ ಬೆಳ್ಳಗಾಗ್ತಾಳೆ ದಿನಾ ಕಡಲೆಹಿಟ್ಟು ಹಚ್ಚು ಅಂತಾರೆ. ಏನ್ಮಾಡ್ಲಿ?

ಉತ್ತರ: ಓದಿ ತುಂಬಾ ಸಂಕಟ ಆಯ್ತು ಕಣ್ರೀ. ಮೊದ್ಲು ಇವತ್ತು ರಾತ್ರಿ ಪಕ್ಕದಲ್ಲಿ ಮಲಗಿಸ್ಕೊಂಡು ಯಾರು ಏನಂದ್ರು ಅಂತ ಅವಳ ಬಾಯಿಂದಾನೇ ಕೇಳಿ, ಮಧ್ಯೆ ಬುದ್ಧಿ ಹೇಳೋಕೆ ಹೋಗ್ಬೇಡಿ.

ಯಜಮಾನ್ರ ಕೋಪ ನ್ಯಾಯವಾದದ್ದೇ. ಡಿಸ್ನಿಯವರ 1937ರ ಸ್ನೋ ವೈಟ್ ಸಿನಿಮಾದ ಕಥೆ ಶುರುವಾಗೋದೇ ಯಾರು ಎಲ್ಲರಿಗಿಂತ ಚೆಂದ ಅಂತ ಕನ್ನಡೀನ ಕೇಳೋದ್ರಿಂದ. ಅವರ ಮೊದಲ ಕಪ್ಪು ಪ್ರಿನ್ಸೆಸ್ ಟಿಯಾನಾ ಬಂದಿದ್ದು 2009ರಲ್ಲಿ, 72 ವರ್ಷ ಆದ್ಮೇಲೆ, ಅವಳೂ ಸಿನಿಮಾದ ಹೆಚ್ಚು ಭಾಗ ಕಪ್ಪೆಯಾಗೇ ಇರ್ತಾಳೆ. ಬ್ರೇವ್ ಸಿನಿಮಾದ ಗುಂಡು ಮುಖದ ಮೆರಿಡಾನ 2013ರಲ್ಲಿ ಪ್ರಿನ್ಸೆಸ್ ಸಾಲಿಗೆ ಸೇರಿಸುವಾಗ ಸೊಂಟ ಸಣ್ಣ ಮಾಡಿ ಬರೆದ್ರು, ಅವಳನ್ನ ಸೃಷ್ಟಿಸಿದ ಬ್ರೆಂಡಾ ಚಾಪ್‌ಮನ್ನೇ ಅದನ್ನ ಬಹಿರಂಗವಾಗಿ ವಿರೋಧಿಸಿದ್ರು. ಆದ್ರೂ ಬಂದ್ ಮಾಡೋದು ಬೇಡ. ಬ್ಯಾಗು, ವಾಟರ್ ಬಾಟಲ್, ಪಕ್ಕದ ಮನೆ ಟಿವಿ ಎಲ್ಲಾ ಕಡೆ ಅವರೇ ಇದಾರೆ, ಎಷ್ಟು ಅಂತ ತಡೀತೀರಾ? ಜೊತೇಲಿ ಕೂತು ನೋಡಿ. ಫ್ರೋಜನ್‌ನಲ್ಲಿ ಎಲ್ಸಾ ತಂಗಿ ಆನಾ ಕೈ ಮುಖದ ಹತ್ರ ತಂದಾಗ ಪಾಸ್ ಮಾಡಿ, ಅವಳ ಕಣ್ಣೆಷ್ಟು ಅಗಲ ಮಣಿಕಟ್ಟೆಷ್ಟು ಅಂತ ಮಗಳ ಬೆರಳಲ್ಲೇ ಸ್ಕ್ರೀನ್ ಮೇಲೆ ಅಳತೆ ಮಾಡಿಸಿ. ಕಣ್ಣೇ ದೊಡ್ಡದು! ಆಮೇಲೆ ಮಗಳ ಕಣ್ಣು, ಮಗಳ ಮಣಿಕಟ್ಟು ಅಳೀರಿ. ಇದನ್ನ ಯಾರೋ ಕೂತು ಹೀಗೇ ಇರ್ಲಿ ಅಂತ ಬರೆದಿದಾರೆ ಅನ್ನೋದು 6 ವರ್ಷದ ಮಗೂಗೂ ಅರ್ಥ ಆಗತ್ತೆ.

ನನಗೆ ಜಾಸ್ತಿ ಚಿಂತೆ ಇರೋದು ಕಡಲೆಹಿಟ್ಟಿಂದು. ಸಿನಿಮಾ ಹೇಳಿದ್ದನ್ನೇ ಮನೇಲಿ ಅಜ್ಜೀನೂ ಹೇಳಿದ್ರೆ ಮಗು ಯಾಕೆ ನಂಬಲ್ಲ ಹೇಳಿ? ಎಣ್ಣೆ ಸ್ನಾನಕ್ಕೆ ಹಚ್ಚಲಿ, ಬೆಳ್ಳಗಾಗ್ತೀಯ ಅನ್ನೋ ಮಾತು ಬೇಡ. ಇದನ್ನ ಅತ್ತೆಗೆ ನೀವು ಹೇಳ್ಬೇಡಿ, ಸೊಸೆ ಹೇಳಿದ್ರೆ ಜಗಳ ಆಗತ್ತೆ, ಅವರ ಮಗನೇ ಹೇಳ್ಲಿ. ಸಿನಿಮಾ ಮೇಲಿನ ಕೋಪದಲ್ಲಿ ಸ್ವಲ್ಪ ಇಲ್ಲೂ ಖರ್ಚಾಗ್ಲಿ. ಇನ್ನು ನೀವು, ಬೇಜಾರಾಗ್ಬೇಡಿ, ಮಗಳಿಗೆ ನಿಮ್ಮ ಬಣ್ಣ ಬಂದಿದ್ದಕ್ಕೆ ಪತ್ರದಲ್ಲೇ ಮರುಗಿದೀರಾ. ಫೋಟೋ ತೆಗೆಯುವಾಗ ನೀವು ಹಿಂದೆ ಸರಿಯೋದು, ಫಿಲ್ಟರ್ ಹಾಕೋದು, ಈ ಬಣ್ಣದ ಸೀರೆ ನಂಗೊಪ್ಪಲ್ಲ ಅನ್ನೋದು, ಇಂಥದ್ದೆಲ್ಲ ಮಾಡ್ತಿದ್ರೆ ಅವಳು ನೋಡ್ತಿರ್ತಾಳೆ.

ಬರ್ತ್‌ಡೇಗೆ ಆ ನೀಲಿ ಗೌನ್ ಕೊಡ್ಸಿ, ಕಳ್ಸಿ. ಮೊವಾನಾ ಅವಳಾಗೇ ಕೇಳಿದ್ರೆ ಖುಷಿ, ಆದ್ರೆ ಈಗ ನೀವು ಒಪ್ಪಿಸೋಕೆ ಹೋದ್ರೆ ಆ ಮಕ್ಕಳು ಹೇಳಿದ್ದು ನಿಜ ಅಂತ ಅಮ್ಮಾನೇ ಒಪ್ಪಿದ ಹಾಗಾಗತ್ತೆ. ಪೌಡರ್ ಬೇಡ, ಹಳದಿ ವಿಗ್ಗೂ ಬೇಡ, ಅವಳ ಕಪ್ಪು ಕೂದಲನ್ನೇ ಎಲ್ಸಾ ತರ ಒಂದು ಕಡೆಗೆ ಜಡೆ ಹಾಕಿ. ಯಾರಾದ್ರೂ ಏನಾದ್ರೂ ಅಂದ್ರೆ ‘ಎಲ್ಸಾ ಮ್ಯಾಜಿಕ್ ಇರೋದು ಕೈಯಲ್ಲಿ’ ಅಂತ ಹೇಳೋಕೆ ಮನೇಲೇ ಪ್ರಾಕ್ಟೀಸ್ ಮಾಡಿಸಿ. ಬರ್ತ್‌ಡೇ ಮಗೂ ಅಮ್ಮನಿಗೂ ಮೊದ್ಲೇ ಒಂದು ಫೋನ್ ಮಾಡಿ, ದೂರು ತರ ಅಲ್ಲ, ನಡೆದಿದ್ದು ಹೇಳಿ ಅಷ್ಟೇ.

ಇಷ್ಟಾದ್ಮೇಲೂ ಅವಳು ಮೈ ಉಜ್ಜಿಕೊಳ್ಳೋದು, ಸ್ಕೂಲಿಗೆ ಹೋಗಲ್ಲ ಅನ್ನೋದು ಮಾಡಿದ್ರೆ ಕಾಯ್ಬೇಡಿ, ಮಕ್ಕಳ ಕೌನ್ಸೆಲರ್ ಹತ್ರ ಕರ್ಕೊಂಡೋಗಿ. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಅಂತ ಬೇರೆ ವಿಭಾಗ ಇದೆ.