ಉಕ್ಕಿನ ತೊಲೆ ಬೆಂಕಿಗೆ ಎಷ್ಟು ಹೊತ್ತು ತಡೆದೀತು?

ಪ್ರಶ್ನೆ: ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಬೇಕು. ಗೋಡೌನಿನ ಬೆಂಕಿ ಅಷ್ಟು ಕಾಯುವುದಿಲ್ಲ. ಮತ್ತೇಕೆ ತೊಲೆಗಳಿಗೆ ಅಗ್ನಿರಕ್ಷಕ ಲೇಪ?

ಉತ್ತರ: ತೊಲೆ ಕುಸಿಯಲು ಉಕ್ಕು ಕರಗಬೇಕಿಲ್ಲ, ಮೆತ್ತಗಾದರೆ ಸಾಕು. 500 ಡಿಗ್ರಿಯಲ್ಲಿ ಅದರ ಬಲ ಮುಕ್ಕಾಲಿನಷ್ಟು ಉಳಿದಿರುತ್ತದೆ, 600ರಲ್ಲಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ, 700ರಲ್ಲಿ ಕಾಲು ಭಾಗವೂ ಇರುವುದಿಲ್ಲ. ಬೆಂಕಿ ತಾಳುವ ಶಕ್ತಿಯನ್ನು ಅಳೆಯುವ ಪ್ರಮಾಣಿತ ಪರೀಕ್ಷೆಯ ಕುಲುಮೆಯಾದರೋ ಅರ್ಧ ಗಂಟೆಗೇ 840 ಡಿಗ್ರಿ ದಾಟಿರುತ್ತದೆ.

ಪ್ರಶ್ನೆ: ನಮ್ಮ ಕಟ್ಟಡದಲ್ಲಿ ಸ್ಲ್ಯಾಬ್ ಕೆಳಗೆ ಐಎಸ್‌ಎಂಬಿ 300 (300 ಮಿ.ಮೀ. ಎತ್ತರದ I ಆಕಾರದ) ತೊಲೆಗಳಿವೆ, ಲೇಪವಿಲ್ಲ. ಎಷ್ಟು ನಿಮಿಷ ನಿಲ್ಲುತ್ತವೆಂದು ಲೆಕ್ಕ ಹಾಕುವುದು ಹೇಗೆ?

ಉತ್ತರ: ಉಕ್ಕಿನ ಕಟ್ಟಡಗಳ ಭಾರತೀಯ ಮಾನಕವಾದ ಐಎಸ್ 800:2007ರ 16ನೇ ವಿಭಾಗ ಇದಕ್ಕೆಂದೇ ಇದೆ. ಮೊದಲು ಭಾರದ ಅನುಪಾತ ತೆಗೆಯಿರಿ: ಬೆಂಕಿಯ ಹೊತ್ತಿನಲ್ಲಿ ತೊಲೆಯ ಮೇಲಿರುವ ಹೊರೆಯನ್ನು ಸಾಮಾನ್ಯ ತಾಪದಲ್ಲಿ ಅದು ಹೊರಬಲ್ಲ ಹೊರೆಯಿಂದ ಭಾಗಿಸಿ. ಅದು 0.5 ಎಂದಿಟ್ಟುಕೊಳ್ಳಿ. ಅದನ್ನು 690ರಿಂದ ಗುಣಿಸಿ 905ರಿಂದ ಕಳೆದರೆ ಮಿತಿತಾಪ, ಅಂದರೆ ತೊಲೆ ಆ ಹೊರೆ ಹೊರಲಾರದಂತಾಗುವ ತಾಪ, 560 ಡಿಗ್ರಿ.

ಇನ್ನು ಬೆಂಕಿಗೆ ಒಡ್ಡಿದ ಮೈ. ಮೇಲಿನ ಫ್ಲೇಂಜಿನ (I ಆಕಾರದ ಮೇಲಿನ ಅಡ್ಡಪಟ್ಟಿಯ) ನೆತ್ತಿ ಸ್ಲ್ಯಾಬಿಗೆ ಅಂಟಿರುವುದರಿಂದ ಅದನ್ನು ಬಿಡಿ. ಉಳಿದ ಸುತ್ತಳತೆಯಿಂದ ಪ್ರತಿ ಮೀಟರಿಗೆ ಸುಮಾರು 1 ಚದರ ಮೀಟರ್ ಮೈ ಸಿಗುತ್ತದೆ; ತೂಕ 44 ಕೆಜಿ. ಅಂದರೆ ಟನ್ನಿಗೆ 22.7 ಚದರ ಮೀಟರ್. ಮೂರು ಬದಿ ಬೆಂಕಿಯ ಸೂತ್ರ: ಮಿತಿತಾಪವನ್ನು 0.0221ರಿಂದ ಗುಣಿಸಿ; ಅದೇ ಮಿತಿತಾಪವನ್ನು 0.433ರಿಂದ ಗುಣಿಸಿ 22.7ರಿಂದ ಭಾಗಿಸಿ, ಎರಡನ್ನೂ ಕೂಡಿಸಿ 5.2 ಕಳೆಯಿರಿ. ಸುಮಾರು 18 ನಿಮಿಷ! ಐಎಸ್‌ಎಂಬಿ 600 ಹಾಕಿದರೂ 24 ನಿಮಿಷ ದಾಟುವುದಿಲ್ಲ. ಒಂದು ಗಂಟೆ ಬೇಕೆಂದರೆ ದಪ್ಪ ತೊಲೆಯನ್ನು ನೆಚ್ಚಿಕೊಳ್ಳಬೇಡಿ, ರಕ್ಷಣೆ ಕೊಡಲೇಬೇಕು.

ನಾಲ್ಕೂ ಬದಿ ಬೆಂಕಿಗೆ ತೆರೆದ ಕಂಬಕ್ಕೆ ಈ ಸೂತ್ರ ಹಾಕಬೇಡಿ, ಅದಕ್ಕೆ ಬೇರೆಯದಿದೆ. ಟನ್ನಿಗೆ ಇಷ್ಟು ಚದರ ಮೀಟರ್ ಎಂಬ ಅನುಪಾತ ಮಾನಕದ ಮಿತಿ ಮೀರಿದರೆ ಸೂತ್ರದ ವ್ಯಾಪ್ತಿಯೇ ಮುಗಿಯಿತು. ಆಗ 5 ಸೆಕೆಂಡಿನ ಹಂತಗಳಲ್ಲಿ ತಾಪ ಏರಿಸುತ್ತ ಹೋಗುವ ಲೆಕ್ಕ ಮಾಡಬೇಕು. ಅದರಲ್ಲಿ ಉಕ್ಕಿನ ವಿಶಿಷ್ಟ ಉಷ್ಣವನ್ನು (ಒಂದು ಕೆಜಿಯ ತಾಪ ಒಂದು ಡಿಗ್ರಿ ಏರಲು ಬೇಕಾದ ಶಾಖ) ಸ್ಥಿರವೆಂದು ಹಿಡಿಯುವುದೇ ಹಲವರು ಮಾಡುವ ತಪ್ಪು. 735 ಡಿಗ್ರಿಯ ಆಸುಪಾಸು ಅದು ಹಲವು ಪಟ್ಟು ಏರುತ್ತದೆ.

ಪ್ರಶ್ನೆ: ತೊಲೆಗೆ ಲೇಪವಿದೆ. ಅದಕ್ಕೆ ಬೆಸೆದ ಆ್ಯಂಗಲ್, ಬ್ರ್ಯಾಕೆಟ್‌ಗಳು ಬರಿ ಮೈಯಲ್ಲಿವೆ. ತೊಂದರೆಯೇ?

ಉತ್ತರ: ತೊಂದರೆಯೇ. 10 ಮಿ.ಮೀ. ತಗಡಿನ ಒಂದು ಮೈಯಿಂದ ಇನ್ನೊಂದಕ್ಕೆ ತಾಪ ಎಷ್ಟು ಬೇಗ ಸಮನಾಗುತ್ತದೆಂದರೆ ಇಡೀ ಅಡ್ಡಕೊಯ್ತಕ್ಕೆ ಒಂದೇ ತಾಪವೆಂದು ಹಿಡಿಯಬಹುದು. ಉದ್ದಕ್ಕೆ ಹಾಗಲ್ಲ, ಒಂದು ಗಂಟೆಯಲ್ಲಿ ಬಿಸಿ 30–40 ಸೆಂ.ಮೀ. ಮಾತ್ರ ಗಣನೀಯವಾಗಿ ಸಾಗುತ್ತದೆ. ಬರಿ ಆ್ಯಂಗಲ್ ಆ ದಾರಿಯಲ್ಲೇ ಬಿಸಿಯನ್ನು ಲೇಪದೊಳಗಿನ ತೊಲೆಗೆ ಸಾಗಿಸುತ್ತದೆ. ಆದ್ದರಿಂದ ಕೂಡುವಿಕೆಯಿಂದ ಅರ್ಧ ಮೀಟರ್‌ವರೆಗೆ ಆ್ಯಂಗಲಿಗೂ ಅದೇ ದಪ್ಪದ ಲೇಪ ಎಳೆಯಿರಿ. ಲೇಪ ಬಿಸಿಗೆ ಉಬ್ಬುವ ಬಣ್ಣವಾದರೆ ಉಬ್ಬಲು ಸುತ್ತ ಜಾಗ ಬಿಡಿ, ಕೇಬಲ್ ಟ್ರೇಯನ್ನು ಒತ್ತಿ ಕೂರಿಸಬೇಡಿ. ಲೇಪವಾದ ಮೇಲೆ ವೆಲ್ಡಿಂಗ್ ಮಾಡಿ ಸುಟ್ಟ ಜಾಗವನ್ನು ಹಾಗೇ ಬಿಡುವುದು ಸೈಟಿನಲ್ಲಿ ಪದೇ ಪದೇ ಕಾಣುವ ಲೋಪ; ಉಜ್ಜಿ, ಪ್ರೈಮರ್ ಹಚ್ಚಿ, ಮತ್ತೆ ಲೇಪಿಸಿ, ಒಣಗಿದ ದಪ್ಪವನ್ನು ಗೇಜಿನಲ್ಲಿ ಅಳೆಯಿರಿ.