ಲಾಗಿನ್‌ಗೆ ಸರಿ ಹೋಗುವ ಪಾಸ್‌ವರ್ಡ್ ಪ್ರಿಂಟರ್ ಹಾಕುವಾಗ ತಪ್ಪು ಅನ್ನುತ್ತದೆ, ಉಬುಂಟು ಮತ್ತೆ ಹಾಕಿಸಬೇಕಾ?

ಬೇಡ, ಫಾರ್ಮ್ಯಾಟ್ ಮಾತ್ರ ಮಾಡಿಸಬೇಡಿ. ಲಾಗಿನ್ ಆಗುತ್ತದೆ ಅಂದ ಮೇಲೆ ನಿಮ್ಮ ಪಾಸ್‌ವರ್ಡ್ ಸರಿಯಾಗಿಯೇ ಇದೆ. ಪ್ರಿಂಟರ್ ಹಾಕುವಾಗ ತೆರೆಯುವ ಆ ಪಾಸ್‌ವರ್ಡ್ ಪೆಟ್ಟಿಗೆ ಕೇಳುತ್ತಿರುವುದು ಬೇರೆ ಯಾರದೋ ಪಾಸ್‌ವರ್ಡ್ ಇರಬೇಕು.

ಶಿರಸಿಯಲ್ಲಿ ನನ್ನ ಮಾವನ ಅಡಿಕೆ ವಖಾರಿ ಇದೆ. ಕಳೆದ ಮಳೆಗಾಲದಲ್ಲಿ ಅಲ್ಲೂ ಹೀಗೇ ಆಗಿತ್ತು. ಮಾವ ಆರೇಳು ಸಲ ತನ್ನ ಪಾಸ್‌ವರ್ಡ್ ಹೊಡೆದು, ರಿಪೇರಿಯವರನ್ನು ಕೇಳಿದರೆ ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು ಅಂದರಂತೆ. ಆ ಕಂಪ್ಯೂಟರ್‌ನಲ್ಲಿ ಮೂರು ವರ್ಷದ ಚಾಲಿ, ರಾಶಿ ಅಡಿಕೆಯ ಲೆಕ್ಕ ಇತ್ತು, ಬೇರೆಲ್ಲೂ ಕಾಪಿ ಇಲ್ಲ. ನಾನು ಹೋಗಿ ನೋಡಿದೆ. ಪಾಸ್‌ವರ್ಡ್ ಬರೆಯುವ ಜಾಗದ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಹೆಸರು ಇತ್ತು, ಅದು ಮಾವನದಲ್ಲ, ಉಬುಂಟು ಹಾಕಿಕೊಟ್ಟ ಹುಡುಗನದು. ಮೊದಲು ಮಾಡಿದ ಖಾತೆಗೆ ಅಡ್ಮಿನ್ ಅಧಿಕಾರ, ಅಂದರೆ ಕಂಪ್ಯೂಟರ್‌ನ ಮುಖ್ಯ ಬದಲಾವಣೆ ಮಾಡುವ ಅಧಿಕಾರ, ತಾನಾಗಿ ಸಿಗುತ್ತದೆ, ಆಮೇಲೆ ಸೇರಿಸಿದವರಿಗೆ ನಾವೇ ಕೊಡಬೇಕು. ಹುಡುಗನಿಗೆ ಫೋನ್ ಮಾಡಿ, ಅವನ ಪಾಸ್‌ವರ್ಡ್ ಹಾಕಿ, ಸೆಟ್ಟಿಂಗ್ಸ್‌ನ ಯೂಸರ್ಸ್‌ನಲ್ಲಿ ಮಾವನ ಖಾತೆಗೆ ಅಡ್ಮಿನಿಸ್ಟ್ರೇಟರ್ ಆನ್ ಮಾಡಿದೆ. ಲಾಗ್ ಔಟ್ ಆಗಿ ಮತ್ತೆ ಬಂದರೆ ಮುಗಿಯಿತು. ಹಾಗೆ ಹೊರಗೆ ಹೋಗಿ ಬರದಿದ್ದರೆ ಹೊಸ ಅಧಿಕಾರ ಸಿಗುವುದಿಲ್ಲ, ಜಾಸ್ತಿ ಜನ ಎಡವುವುದು ಇಲ್ಲೇ.

ಖಚಿತ ಮಾಡಿಕೊಳ್ಳಬೇಕಾ? ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿ) ಮೊದಲು ಸುಡೊ (sudo, ಅಡ್ಮಿನ್ ಅಧಿಕಾರದಲ್ಲಿ ನಡೆಸು ಅಂತ ಅರ್ಥ) ಹಾಕಿ ಯಾವುದಾದರೂ ಕಮಾಂಡ್ ಕೊಡಿ. ಪಾಸ್‌ವರ್ಡ್ ಬರೆಯುವಾಗ ಪರದೆ ಮೇಲೆ ಚುಕ್ಕಿ, ನಕ್ಷತ್ರ ಏನೂ ಕಾಣದಿದ್ದರೆ ಗಾಬರಿಯಾಗಬೇಡಿ, ಬರೆದು ಎಂಟರ್ ಒತ್ತಿ. ‘ಸಾರಿ, ಟ್ರೈ ಅಗೇನ್’ ಅಂತ ಬಂದರೆ ಬರೆದದ್ದೇ ತಪ್ಪು. ‘ಸುಡೊಅರ್ಸ್ ಫೈಲ್‌ನಲ್ಲಿ ನೀವಿಲ್ಲ’ ಅನ್ನುವ ಅರ್ಥದ ಮಾತು ಬಂದರೆ ಪಾಸ್‌ವರ್ಡ್ ಸರಿ, ಅಧಿಕಾರ ಇಲ್ಲ. ಇವೆರಡೂ ಬೇರೆ ಬೇರೆ ತೊಂದರೆ.

ಪೆಟ್ಟಿಗೆಯ ಮೇಲೆ ನಿಮ್ಮ ಹೆಸರೇ ಇದ್ದೂ ತಪ್ಪು ಅನ್ನುತ್ತಿದೆಯಾ? ಹಾಗಾದರೆ ಕೀಬೋರ್ಡ್ ನೋಡಿ. ನಮ್ಮ ಕಡೆ ಕನ್ನಡ ಟೈಪ್ ಮಾಡುವವರು ಮನೆಗೊಬ್ಬರು ಇದ್ದೇ ಇರುತ್ತಾರೆ, ಅವರು ಲೇಔಟ್ ಕನ್ನಡಕ್ಕೆ ಬದಲಿಸಿ ಹಾಗೇ ಬಿಟ್ಟಿದ್ದರೆ ನಿಮ್ಮ ಪಾಸ್‌ವರ್ಡ್ ಸುಮ್ನೆ ಕನ್ನಡ ಅಕ್ಷರವಾಗಿ ಹೋಗುತ್ತದೆ. ಪಾಸ್‌ವರ್ಡ್ ಜಾಗದ ಪಕ್ಕದಲ್ಲಿರುವ ಕಣ್ಣಿನ ಚಿತ್ರ ಒತ್ತಿದರೆ ಏನು ಬರೆದಿದ್ದೀರಿ ಅಂತ ಕಾಣುತ್ತದೆ. ಕ್ಯಾಪ್ಸ್ ಲಾಕ್ ಕೂಡ ನೋಡಿಬಿಡಿ.

ಹಾಕಿಕೊಟ್ಟವರು ಸಿಗುವುದೇ ಇಲ್ಲ ಅಂದರೆ ಮಾತ್ರ ರಿಕವರಿ ಮೋಡ್, ಅಂದರೆ ರಿಪೇರಿಗೆಂದೇ ಇರುವ ದಾರಿ. ಕಂಪ್ಯೂಟರ್ ಶುರುವಾಗುವಾಗ ಶಿಫ್ಟ್ ಅಥವಾ ಎಸ್ಕೇಪ್ ಒತ್ತಿದರೆ ಗ್ರಬ್ ಮೆನು (ಹೇಗೆ ಶುರುವಾಗಬೇಕು ಅಂತ ಆರಿಸುವ ಪಟ್ಟಿ) ಬರುತ್ತದೆ, ಅಲ್ಲಿಂದ ರಿಕವರಿ, ಆಮೇಲೆ ರೂಟ್ ಶೆಲ್ (ಪೂರ್ತಿ ಅಧಿಕಾರದಲ್ಲಿ ಕಮಾಂಡ್ ಬರೆಯುವ ಜಾಗ). ಅಲ್ಲಿ ಡಿಸ್ಕ್ ಮೊದಲು ಓದಲು ಮಾತ್ರ ತೆರೆದಿರುತ್ತದೆ, ಬರೆಯುವ ಹಾಗೆ ರಿಮೌಂಟ್ ಮಾಡಿಯೇ (ಮತ್ತೆ ತೆರೆದೇ) ನಿಮ್ಮ ಖಾತೆಯನ್ನು ಸುಡೊ ಗುಂಪಿಗೆ, ಅಂದರೆ ಅಡ್ಮಿನ್ ಅಧಿಕಾರ ಇರುವವರ ಗುಂಪಿಗೆ, ಸೇರಿಸಬೇಕು. ಅದಕ್ಕೆ ಯೂಸರ್‌ಮಾಡ್ (usermod) ಕಮಾಂಡ್ ಬಳಸುವುದಾದರೆ ದೊಡ್ಡ ಜಿ ಜೊತೆ ಸಣ್ಣ ಎ (-aG) ಬಿಡಬೇಡಿ, ಬಿಟ್ಟರೆ ನೀವು ಸೇರಿದ್ದ ಬೇರೆ ಗುಂಪುಗಳೆಲ್ಲ ಹೋಗುತ್ತವೆ. ಮಳೆಗಾಲವಾದರೆ ಲ್ಯಾಪ್‌ಟಾಪ್ ಚಾರ್ಜ್ ತುಂಬಿಸಿಕೊಂಡೇ ಕೂರಿ, ನಡುವೆ ಕರೆಂಟ್ ಹೋದರೆ ಕಷ್ಟ.

ಮೊದಲು ಆ ಪೆಟ್ಟಿಗೆಯಲ್ಲಿ ಯಾರ ಹೆಸರಿದೆ ನೋಡಿ ಇಲ್ಲೇ ಬರೆಯಿರಿ, ಮುಂದಿನದು ಹೇಳುತ್ತೇನೆ.